ಸತ್ಯವೇ ಬಲೆಯಾದಾಗ

ಗೌರಿಬಿದನೂರು ಸೀಮೆಯ ಕುಡುಮಲಕುಂಟೆಯಂಥ ಊರುಗಳಲ್ಲಿ ‘ಕುರುಕ್ಷೇತ್ರ’ ನಾಟಕವನ್ನು ಕಂಡು ಬೆಳೆದವರಿಗೆ ಶಕುನಿಯ ಗುರುತನ್ನು ಹೇಳಬೇಕಾಗಿಲ್ಲ. ಅವನ ಕೈಯ ದಾಳವೇ ಅವನ ಗುರುತು. ಅವನಿಗೆ ಮರುಳಾಗುವವನು ದುರ್ಯೋಧನನೇ ಹೊರತು ಪ್ರೇಕ್ಷಕನಲ್ಲ. ಗಿರೀಶ ಕಾರ್ನಾಡರ ‘ತುಘಲಕ್’ (1964) ನಾಟಕದ ರತನಸಿಂಗನಾದರೋ ಇಂಥ ಗುರುತಿಲ್ಲದ ವಂಚಕ. ಅವನನ್ನು ನಾವೂ ನಂಬುತ್ತೇವೆ.

ಶಿಹಾಬುದ್ದೀನನಿಗೆ ರತನಸಿಂಗ ಸಹೋದರ ಸಮಾನ. ಸುಲ್ತಾನ ಯುದ್ಧಕ್ಕೆ ಹೊರಟಾಗ ದೆಹಲಿಯ ಆಡಳಿತವನ್ನು ಶಿಹಾಬುದ್ದೀನನಿಗೇ ಒಪ್ಪಿಸಿರುತ್ತಾನೆ. ಅಂಥವನೆದುರಿಗೆ ರಣರಂಗದಿಂದ ಮರಳಿದ ರತನಸಿಂಗ ಶೇಖ ಇಮಾಮುದ್ದೀನನ ಸಾವಿನ ರಹಸ್ಯವನ್ನು ಬಿಚ್ಚಿಡುತ್ತಾನೆ. ಸುಲ್ತಾನನನ್ನೇ ಹೋಲುವ ಶೇಖನಿಗೆ ರಾಜನ ಉಡುಪು ತೊಡಿಸಿ, ಸಂಧಾನದ ನೆಪದಲ್ಲಿ ಆನೆಯ ಮೇಲೇರಿಸಿ ಶತ್ರುವಿನ ಬಾಣಗಳಿಗೆ ಒಡ್ಡಲಾಯಿತು. ಇದರಲ್ಲಿ ಸುಳ್ಳೇನೂ ಇಲ್ಲ. ಸುಳ್ಳಿರುವುದು ಹೇಳುವವನ ಉದ್ದೇಶದಲ್ಲಿ.

ಬಸಪ್ಪ ಶಾಸ್ತ್ರಿಗಳು ‘ಶೂರಸೇನ ಚರಿತ್ರೆ’ಯಾಗಿ ಕನ್ನಡಕ್ಕೆ ತಂದ ಷೇಕ್ಸ್‌ಪಿಯರನ ‘ಒಥೆಲೊ’ವನ್ನು ಇದರೊಂದಿಗೆ ಹೋಲಿಸಬಹುದು. ಅಲ್ಲಿ ಇಯಾಗೊ ರೊಡೆರಿಗೊವಿನ ಮೋಹವನ್ನು ಬಳಸಿಕೊಂಡು, ಸುಳ್ಳು ಆಸೆ ತೋರಿಸುತ್ತ ಅವನ ಹಣವನ್ನು ದೋಚುತ್ತಾನೆ. ಕೊನೆಗೆ ಅವನನ್ನೇ ಇರಿಯುತ್ತಾನೆ. ರೊಡೆರಿಗೊವನ್ನು ಮೂರ್ಖನೆಂದು ತಳ್ಳಿಹಾಕುವುದು ಸುಲಭ. ಶಿಹಾಬುದ್ದೀನನನ್ನು ಹಾಗೆನ್ನಲಾಗದು. ಅವನನ್ನು ಕೆಡಿಸಿದ್ದು ದುರಾಸೆಯಲ್ಲ, ನ್ಯಾಯಪ್ರಜ್ಞೆ. ಅಮೀರರ ಸಭೆಯಲ್ಲಿ ಅವನು ಮೊದಲು ಹಿಂಜರಿಯುತ್ತಾನೆ. ಪ್ರಾರ್ಥನೆಯ ಹೊತ್ತಿನಲ್ಲಿ, ಸುಲ್ತಾನ ನಿರಾಯುಧನಾಗಿರುವಾಗ, ಅವನನ್ನು ಕೊಲ್ಲಬೇಕೆಂಬ ಉಪಾಯವನ್ನು ಸೂಚಿಸುವವನು ರತನಸಿಂಗನೇ. ವೃದ್ಧ ಶೇಖ ಶಂಸುದ್ದೀನ ಇದನ್ನು ಕೇಳಿ ತಲ್ಲಣಿಸುತ್ತಾನೆ. ಆದರೂ ಶಿಹಾಬುದ್ದೀನ ಸಂಚಿನಲ್ಲಿ ಸೇರುತ್ತಾನೆ. ನ್ಯಾಯಕ್ಕಾಗಿ ಹೊರಟವನು ಪ್ರಾರ್ಥನೆಯನ್ನೇ ಆಯುಧವಾಗಿಸಲು ಒಪ್ಪಿದ ಆ ಗಳಿಗೆಯಲ್ಲಿಯೇ ಅವನ ಪತನ ಆರಂಭವಾಗುತ್ತದೆ.

ಸಂಚು ಒಡೆಯುತ್ತದೆ. ಅದನ್ನು ಸುಲ್ತಾನನಿಗೆ ತಿಳಿಸಿದವನೂ ರತನಸಿಂಗನೇ! ಶಿಹಾಬುದ್ದೀನನ ತಂದೆ ತನ್ನ ತಂದೆಯನ್ನು ಮೋಸದಿಂದ ಕೊಂದದ್ದಕ್ಕೆ ಇದು ಅವನು ತೀರಿಸಿಕೊಂಡ ಸೇಡು. ಸುಲ್ತಾನ ಶಿಹಾಬುದ್ದೀನನನ್ನು ತನ್ನ ಕೈಯಾರೆ ಇರಿದು ಕೊಲ್ಲುತ್ತಾನೆ. ಬಳಿಕ, ಅವನು ತನ್ನನ್ನು ರಕ್ಷಿಸಲು ಹೋಗಿ ಮಡಿದನೆಂದು ಲೋಕಕ್ಕೆ ಸಾರಿಸುತ್ತಾನೆ. ಸತ್ತ ಮೇಲೂ ಆತ ಇನ್ನೊಬ್ಬರ ಕೈಯ ಸಾಧನವಾಗಿಯೇ ಉಳಿಯುತ್ತಾನೆ.

ಸುಳ್ಳನ್ನು ನಂಬಿ ಕೆಟ್ಟವರ ಕಥೆಗಳು ನಮ್ಮಲ್ಲಿ ಹೇರಳವಾಗಿವೆ. ಸತ್ಯವನ್ನು ನಂಬಿಯೂ ಕೆಡಬಹುದೆಂಬುದನ್ನು ಈ ನಾಟಕ ತೋರಿಸುತ್ತದೆ. ಶಿಹಾಬುದ್ದೀನ ಕೇಳಿದ ಮಾತು ನಿಜವೇ ಆಗಿತ್ತು. ಅದನ್ನು ತನಗೇ, ಆಗಲೇ ಏಕೆ ಹೇಳಲಾಯಿತೆಂದು ಮಾತ್ರ ಅವನು ಕೇಳಿಕೊಳ್ಳಲಿಲ್ಲ.