ಪ್ರೇಷಕ ಯಂತ್ರದಲ್ಲಿ ಪ್ರತಿಫಲಿತ ಶಕ್ತಿ: ದೋಷಶೋಧನೆಯ ಕ್ರಮ

ರೇಡಿಯೊ ಕೇಂದ್ರದ ಪ್ರೇಷಕ ಯಂತ್ರದಲ್ಲಿ ಪ್ರತಿಫಲಿತ ಶಕ್ತಿಯು ಮಿತಿಮೀರಿದಾಗ ಎಚ್ಚರಿಕೆಯ ದೀಪ ಹೊತ್ತಿಕೊಂಡು ಪ್ರಸಾರವು ನಿಂತುಹೋಗುವುದುಂಟು. ಆಗ ತೋರುವ ಸುಲಭೋಪಾಯವೆಂದರೆ ಎಚ್ಚರಿಕೆಯ ಮಿತಿಯನ್ನು ಮೇಲಕ್ಕೇರಿಸಿ ಯಂತ್ರವನ್ನು ಮತ್ತೆ ಚಾಲೂ ಮಾಡುವುದು. ಇದು ಏಕೆ ಅನುಚಿತ, ಉಚಿತವಾದ ಕ್ರಮ ಯಾವುದು ಎಂಬುದನ್ನು 5 ಕಿಲೊವಾಟ್‌ನ ಎಫ್.ಎಂ. ಪ್ರೇಷಕವೊಂದನ್ನು ನಿದರ್ಶನವಾಗಿಟ್ಟುಕೊಂಡು ವಿವೇಚಿಸೋಣ.

ಗೋಡೆಗೆ ಕಟ್ಟಿದ ಹಗ್ಗವನ್ನು ಒಮ್ಮೆ ಕೊಡಹಿದರೆ ಅಲೆಯು ಗೋಡೆಯವರೆಗೆ ಹೋಗಿ ಹಿಂದಿರುಗುತ್ತದೆ. ಏರಿಯಲ್‌ಗೆ ಶಕ್ತಿಯನ್ನೊಯ್ಯುವ ಫೀಡರ್‌ನಲ್ಲಿಯೂ ಇಂಥದೇ ಸಂಗತಿ ನಡೆಯುತ್ತದೆ. ಫೀಡರ್‌ನ ವಿಶಿಷ್ಟ ಇಂಪೀಡೆನ್ಸ್ ಸಾಮಾನ್ಯವಾಗಿ 50 ಓಮ್. ಏರಿಯಲ್‌ನದೂ ಅಷ್ಟೇ ಆಗಿದ್ದರೆ ಶಕ್ತಿಯೆಲ್ಲವೂ ಅದಕ್ಕೆ ಸಲ್ಲುವುದು. ಇಲ್ಲವಾದರೆ ಒಂದಂಶ ಹಿಮ್ಮರಳುವುದು. 5000 ವಾಟ್ ಮುಂದೆ ಹೋಗಿ 200 ವಾಟ್ ಹಿಂದಿರುಗಿತೆನ್ನೋಣ. ಅವುಗಳ ನಿಷ್ಪತ್ತಿ 0.04, ಅದರ ವರ್ಗಮೂಲವಾದ 0.2 ಎಂಬುದೇ ವೋಲ್ಟೇಜಿನ ಪ್ರತಿಫಲನಾಂಕ. ಹೋಗುವ ಅಲೆ, ಬರುವ ಅಲೆಗಳು ಕೂಡಿದೆಡೆ ವೋಲ್ಟೇಜ್ 1.2ಕ್ಕೆ ಏರಿ, ಕಳೆದೆಡೆ 0.8ಕ್ಕೆ ಇಳಿಯುವುದರಿಂದ ಸ್ಥಾಯಿತರಂಗದ ನಿಷ್ಪತ್ತಿ 1.5 ಆಗುತ್ತದೆ. ಹಿಂದಿರುಗುವ ಶಕ್ತಿ 500 ವಾಟ್ ಆದರೆ ಅದು ಸುಮಾರು 1.9ಕ್ಕೆ ಏರುವುದು. ವೋಲ್ಟೇಜ್ ಹೆಚ್ಚಿದಲ್ಲಿ ಕಿಡಿ ಹಾರಬಹುದು. ವಿದ್ಯುತ್ಪ್ರವಾಹ ಹೆಚ್ಚಿದಲ್ಲಿ ಕೀಲುಗಳು ಕಾದು ಸುಡಬಹುದು. ಮಿತಿಯನ್ನೇರಿಸುವುದೆಂದರೆ ಈ ಹಾನಿಗೆ ದಾರಿ ತೆರೆದಿಟ್ಟಂತೆ.

ಪ್ರಥಮತಃ, ಮಾಪಕವು ತೋರಿಸುವ ಶಕ್ತಿ ನಮ್ಮದೇ ಹೌದೆ ಎಂದು ನೋಡಬೇಕು. ಪ್ರೇಷಕದ ಶಕ್ತಿಯನ್ನು ಅರ್ಧಕ್ಕಿಳಿಸಿದಾಗ ನಿಜವಾದ ಪ್ರತಿಫಲನವೂ ಅರ್ಧಕ್ಕಿಳಿಯುವುದು. ಇಳಿಯದೆ ನಿಂತರೆ, ಅದೇ ಗೋಪುರದ ಅಥವಾ ನೆರೆಯ ಮತ್ತೊಂದು ಕೇಂದ್ರದ ಶಕ್ತಿಯು ನಮ್ಮ ಏರಿಯಲ್ ಮೂಲಕ ಒಳಬರುತ್ತಿರಬಹುದು.

ಅನಂತರ ಏರಿಯಲ್‌ಗೆ ಬದಲಾಗಿ, ಡಮ್ಮಿ ಲೋಡ್ ಎಂದು ಕರೆಯಲಾಗುವ 50 ಓಮಿನ ಕೃತಕ ಹೊರೆಯನ್ನು ಜೋಡಿಸತಕ್ಕದ್ದು. ಆಗಲೂ ಎಚ್ಚರಿಕೆ ನಿಲ್ಲದಿದ್ದರೆ ದೋಷವು ಮಾಪಕದಲ್ಲೋ, ಹೊರೆಗೆ ಈಚೆಯ ಜೋಡಣೆಗಳಲ್ಲೋ ಇದೆ. ನಿಂತರೆ ದೋಷವು ಆಚೆಗಿದೆ: ಫೀಡರ್‌ನಲ್ಲಿ ಅಥವಾ ಏರಿಯಲ್‌ನಲ್ಲಿ. ಅಲ್ಲಿ ಸ್ಥಳವನ್ನು ಗುರುತಿಸಲು, ಪ್ರೇಷಕವನ್ನು ಬಿಡಿಸಿ, ಫೀಡರ್‌ನೊಳಕ್ಕೆ ಸೂಕ್ಷ್ಮವಾದ ಸ್ಪಂದವೊಂದನ್ನು ಕಳುಹಿಸಿ ಅದು ಮರಳುವ ಕಾಲವನ್ನು ಅಳೆಯುತ್ತೇವೆ. ಫೀಡರ್‌ನಲ್ಲಿ ಅಲೆಯ ವೇಗ ಬೆಳಕಿನ ವೇಗದ 0.9ರಷ್ಟಿದ್ದು, ಸ್ಪಂದವು 1 ಮೈಕ್ರೊಸೆಕೆಂಡಿನಲ್ಲಿ ಮರಳಿದರೆ ದೋಷವು 135 ಮೀಟರ್ ದೂರದಲ್ಲಿದೆ.

ಎಚ್ಚರಿಕೆ ಬಂದ ವೇಳೆಯೂ ಒಂದು ಸಾಕ್ಷ್ಯ. ಮಳೆಯೊಡನೆ ಬಂದು ಬಿಸಿಲಿನಲ್ಲಿ ಮಾಯವಾದರೆ ನೀರು ಒಳಸೇರಿದೆಯೆಂದು ಶಂಕಿಸಬೇಕು. ಚಾಲೂ ಮಾಡಿದ ಮೇಲೆ ನಿಧಾನವಾಗಿ ಏರುತ್ತ ಹೋದರೆ ಒಳವಾಹಕದ ಸಡಿಲವಾದ ಕೀಲೊಂದು ಕಾಯುತ್ತಿರಬಹುದು. ಪೂರ್ಣಶಕ್ತಿಯಲ್ಲಿ ಮಾತ್ರ ಹಠಾತ್ತನೆ ಬಂದರೆ ಎಲ್ಲಿಯೋ ಕಿಡಿ ಹಾರುತ್ತಿರುವ ಸಂಭವ ಹೆಚ್ಚು. ಆದುದರಿಂದ ಗಂಟೆ, ಹವೆ, ಶಕ್ತಿಗಳ ಅಂಕಿಗಳನ್ನು ದಿನಚರಿಯಲ್ಲಿ ತಪ್ಪದೆ ಬರೆದಿಡಬೇಕು. ಯಾವುದೇ ಕೀಲನ್ನು ಮುಟ್ಟುವ ಮುನ್ನ, ಗೋಪುರವನ್ನು ಏರುವ ಮುನ್ನ ಪ್ರೇಷಕವನ್ನು ನಿಲ್ಲಿಸಿ, ಬೇರೆಯವರು ಚಾಲೂ ಮಾಡದಂತೆ ಬೀಗ ಹಾಕತಕ್ಕದ್ದು. ಅದೇ ಗೋಪುರದಲ್ಲಿ ಬೇರೆ ಪ್ರೇಷಕಗಳಿದ್ದರೆ ಅವನ್ನೂ ನಿಲ್ಲಿಸಿರಬೇಕು.

ಎಚ್ಚರಿಕೆಯ ದೀಪವು ರೋಗವಲ್ಲ, ರೋಗದ ಲಕ್ಷಣ. ಜ್ವರ ತೋರಿಸಿತೆಂದು ಉಷ್ಣಮಾಪಕವನ್ನು ಒಡೆದರೆ ರೋಗಿಯು ಗುಣವಾಗನಷ್ಟೆ.