ಗಣಕದಲ್ಲಿ ಮಾತನ್ನು ಆಯುವ ಬಗೆ

ವಿಜಯದಶಮಿಯಂದು ಕೊಲ್ಲೂರಿನ ಮೂಕಾಂಬಿಕಾ ದೇವಾಲಯದಲ್ಲಿ ಎಳೆಯ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವುದನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಹಿರಿಯರು ಮಗುವಿನ ಬೆರಳನ್ನು ಹಿಡಿದು ಅಕ್ಕಿಯ ಮೇಲೆ ಅಕ್ಷರವನ್ನು ಬರೆಯಿಸುತ್ತಾರೆ. ತಪ್ಪಿದರೆ ಅಂಗೈಯಿಂದ ಒಮ್ಮೆ ಸವರಿದರಾಯಿತು. ಗಣಕಯಂತ್ರದ ಪರದೆಯ ಮೇಲೆ ಬರೆದುದೂ ಅಷ್ಟೇ ಸುಲಭವಾಗಿ ಅಳಿಯುತ್ತದೆ. ಆದರೆ ಎಷ್ಟನ್ನು ಅಳಿಸಬೇಕು, ಎಷ್ಟನ್ನು ಉಳಿಸಬೇಕು ಎಂಬುದನ್ನು ಅಲ್ಲಿ ಮೊದಲು ಯಂತ್ರಕ್ಕೆ ತೋರಿಸಿಕೊಡಬೇಕು. ಇದನ್ನೇ ‘ಆಯ್ಕೆ’ ಎನ್ನುವರು.

ನಿವೃತ್ತನಾದ ಬಳಿಕ ನಾನು ನಮ್ಮ ಸೀಮೆಯ ಕುಂದಾಪುರ ಕನ್ನಡದ ಮಾತುಗಳನ್ನು ಕಲೆಹಾಕಿ ಗಣಕದಲ್ಲಿ ಬರೆದಿಡತೊಡಗಿದೆ. ಹಲವನ್ನು ಹೇಳಿದವರು ಈಗ ಬದುಕಿಲ್ಲ. ನಲವತ್ತು ಪುಟಗಳಾಗಿದ್ದ ಒಂದು ಸಂಜೆ, ಅಕ್ಷರಗಳ ಗಾತ್ರವನ್ನು ಹಿಗ್ಗಿಸಲೆಂದು ಕಂಟ್ರೋಲ್ ಕೀಲಿಯೊಡನೆ ‘ಎ’ ಕೀಲಿಯನ್ನು ಒತ್ತಿ ಸಮಸ್ತವನ್ನೂ ಆಯ್ದುಕೊಂಡೆ. ಅಷ್ಟರಲ್ಲಿ ಬೆರಳು ಬೇರೊಂದು ಕೀಲಿಗೆ ತಾಗಿತು. ನಲವತ್ತು ಪುಟಗಳ ಸ್ಥಾನದಲ್ಲಿ ಒಂದು ಕಕಾರ ಮಾತ್ರ ಉಳಿದಿತ್ತು! ಆಯ್ದ ಭಾಗವಿರುವಾಗ ಯಾವ ಅಕ್ಷರವನ್ನು ಒತ್ತಿದರೂ ಅದು ಹಳೆಯದನ್ನು ತಳ್ಳಿ ಆ ಸ್ಥಾನದಲ್ಲಿ ತಾನು ಕುಳಿತುಬಿಡುತ್ತದೆ. ಮೊಮ್ಮಗಳು ಓಡಿಬಂದು, “ಅಜ್ಜಯ್ಯ, ಎಂತದೂ ಮುಟ್ಬೇಡಿ” ಎಂದು ಕಂಟ್ರೋಲ್‌ನೊಡನೆ ‘ಝಡ್’ ಕೀಲಿಯನ್ನು ಒತ್ತಿದಳು. ಹೋದುದೆಲ್ಲ ಮರಳಿ ಬಂದಿತು.

ಮೊದಲು ಆಯ್ಕೆ, ಅನಂತರ ಆಜ್ಞೆ ಎಂಬ ಈ ಕ್ರಮವನ್ನು 1970ರ ದಶಕದಲ್ಲಿ ಅಮೆರಿಕದ ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಅವರ ಸಂಗಡಿಗರು ಬಳಕೆಗೆ ತಂದರು.

ಬಾಣದ ಗುರುತಿನ ಕೀಲಿಗಳು ಕರ್ಸರನ್ನು ಸರಿಸುವುವಷ್ಟೆ. ಶಿಫ್ಟ್ ಕೀಲಿಯನ್ನು ಅದುಮಿ ಹಿಡಿದು ಅವನ್ನು ಒತ್ತಿದರೆ ಕರ್ಸರ್ ಹಾದುಹೋದ ಭಾಗವೆಲ್ಲ ಆಯ್ಕೆಗೊಳ್ಳುತ್ತದೆ. ಜೊತೆಗೆ ಕಂಟ್ರೋಲನ್ನೂ ಹಿಡಿದರೆ ಒಂದೊಂದು ಹೆಜ್ಜೆಗೂ ಒಂದು ಪದ ಸೇರುವುದು. ಶಿಫ್ಟ್‌ನೊಡನೆ ‘ಎಂಡ್’ ಒತ್ತಿದರೆ ಸಾಲಿನ ಕೊನೆಯವರೆಗೆ. ಮೌಸನ್ನು ಎರಡು ಬಾರಿ ಕ್ಲಿಕ್ಕಿಸಿದರೆ ಒಂದು ಪದ. ಮೂರು ಬಾರಿ ಕ್ಲಿಕ್ಕಿಸಿದರೆ ಮೈಕ್ರೊಸಾಫ್ಟ್ ವರ್ಡ್‌ನಲ್ಲಿ ಇಡೀ ಪರಿಚ್ಛೇದ, ಲಿಬ್ರೆ ಆಫೀಸಿನ ರೈಟರ್‌ನಲ್ಲಿ ಒಂದು ವಾಕ್ಯ. ಹತ್ತಾರು ಪುಟಗಳು ಬೇಕಿದ್ದರೆ ಮೊದಲಲ್ಲಿ ಒಮ್ಮೆ ಕ್ಲಿಕ್ಕಿಸಿ, ಕೊನೆಗೆ ಹೋಗಿ ಶಿಫ್ಟ್ ಹಿಡಿದು ಕ್ಲಿಕ್ಕಿಸಿದರೆ ಸಾಕು.

ಕನ್ನಡದಲ್ಲಿ ಒಂದು ವಿಶೇಷವುಂಟು. ‘ಕೊಲ್ಲೂರು’ ಎಂಬುದರಲ್ಲಿ ನಮ್ಮ ಕಣ್ಣಿಗೆ ಕಾಣುವುವು 3 ಅಕ್ಷರಗಳು. 1991ರಲ್ಲಿ ಮೊದಲ ಆವೃತ್ತಿ ಹೊರಬಂದ ಯೂನಿಕೋಡ್ ಸಂಕೇತಪದ್ಧತಿಯಲ್ಲಿ ಅದು 8 ಸಂಕೇತಗಳ ಸರಣಿ. ವ್ಯಂಜನ, ಸ್ವರಚಿಹ್ನೆ, ವಿರಾಮ ಇವೆಲ್ಲ ಬೇರೆಬೇರೆ. ಆದುದರಿಂದಲೇ ಕೊನೆಯ ‘ರು’ವಿನ ಬಳಿ ಬ್ಯಾಕ್‌ಸ್ಪೇಸ್ ಕೀಲಿಯನ್ನು ಒತ್ತಿದಾಗ ಸಾಮಾನ್ಯವಾಗಿ ಉಕಾರ ಮಾತ್ರ ಹೋಗಿ ‘ರ’ ನಿಲ್ಲುತ್ತದೆ. ಆಯ್ಕೆ ಮಾಡುವಾಗಲಾದರೋ ‘ರು’ ಇಡಿಯಾಗಿಯೇ ಬರುತ್ತದೆ.

ಇನ್ನು, ಯಂತ್ರಕ್ಕೆ ಪದವೆಂದರೆ ಎರಡು ತೆರಪುಗಳ ನಡುವಿನದು. ಸಂಧಿ ಅದಕ್ಕೆ ತಿಳಿಯದು. ‘ಬಂದವರೆಲ್ಲರೂ’ ಎಂಬಲ್ಲಿ ಎರಡು ಬಾರಿ ಕ್ಲಿಕ್ಕಿಸಿದರೆ ಇಡಿಯದೂ ಒಂದೇ ಪದವಾಗಿ ಸಿಕ್ಕುತ್ತದೆ. ‘ಎಲ್ಲರೂ’ ಎಂಬುದನ್ನಷ್ಟೇ ಆಯುವೆನೆಂದರೆ, ‘ರೆ’ ಎಂಬ ಒಂದೇ ಅಕ್ಷರದಲ್ಲಿ ಎರಡು ಪದಗಳೂ ಬೆರೆತುಕೊಂಡಿವೆ. ಅಲ್ಲಿ ಯಾವ ಕೀಲಿಯೂ ನೆರವಾಗದು. ನಾವೇ ಬಿಡಿಸಿ ಬರೆಯಬೇಕು.