ನಿಲ್ಲದ ಲಿಫ್ಟು, ಬಿಡದ ಜನ

ಫ್ರಾಂಕ್‌ಫರ್ಟಿನ ಗಯಟೆ ವಿಶ್ವವಿದ್ಯಾಲಯದ ಐ.ಜಿ. ಫಾರ್ಬೆನ್ ಕಟ್ಟಡದಲ್ಲಿ ಮೇಲಿನ ಮಹಡಿಗೆ ಹೋಗುವವರು ಗುಂಡಿ ಒತ್ತಿ ಕಾಯಬೇಕಾಗಿಲ್ಲ. ಗೋಡೆಯಲ್ಲಿ ಬಾಗಿಲಿಲ್ಲದ ಎರಡು ಕಂಡಿಗಳು ಅಕ್ಕಪಕ್ಕ ತೆರೆದುಕೊಂಡಿವೆ. ಒಂದರಲ್ಲಿ ಪುಟ್ಟ ಕ್ಯಾಬಿನ್‌ಗಳು ಒಂದರ ಬೆನ್ನಿಗೊಂದು ಮೇಲೇರುತ್ತಿರುತ್ತವೆ, ಇನ್ನೊಂದರಲ್ಲಿ ಅದೇ ನಿಧಾನದಲ್ಲಿ ಇಳಿಯುತ್ತಿರುತ್ತವೆ. ಯಾವುದೂ ನಿಲ್ಲುವುದಿಲ್ಲ. ಕ್ಯಾಬಿನ್ನಿನ ನೆಲ ಮಹಡಿಯ ನೆಲಕ್ಕೆ ಸಮನಾಗುವ ಹೊತ್ತು ನೋಡಿ ಕಾಲಿಡಬೇಕು, ಇಳಿಯುವಾಗಲೂ ಹಾಗೆಯೇ. ರೂಢಿಯಾದವರು ಮಾತು ನಿಲ್ಲಿಸದೆಯೇ ಹತ್ತಿಹೋಗುತ್ತಾರೆ. ಮೊದಲ ಸಲ ಬಂದವರು ಎರಡು ಮೂರು ಕ್ಯಾಬಿನ್‌ಗಳನ್ನು ಹಾಗೇ ಬಿಟ್ಟು ಧೈರ್ಯ ತಂದುಕೊಳ್ಳುತ್ತಾರೆ.

ಇದರ ಹೆಸರು ಪಾಟರ್‌ನೋಸ್ಟರ್. ಕ್ರೈಸ್ತರ ಜಪಮಾಲೆಯ ಮಣಿಗಳಂತೆ ಕ್ಯಾಬಿನ್‌ಗಳು ಒಂದೇ ಸರದಲ್ಲಿ ಸುತ್ತುವುದರಿಂದ ಬಂದ ಹೆಸರು.

ಹಳೆಯ ಲಿಫ್ಟುಗಳ ಮೋಹ ನಮಗೆ ಅಪರಿಚಿತವೇನಲ್ಲ. ಮೈಸೂರಿನ ಲಲಿತ ಮಹಲ್ ಅರಮನೆಯ ಹಳೆಯ ಲಿಫ್ಟನ್ನು ಕಂಡವರಿಗೆ, ದಕ್ಷಿಣ ಮುಂಬೈಯ ಹಳೆಯ ಕಟ್ಟಡಗಳಲ್ಲಿ ಕಬ್ಬಿಣದ ಜಾಲರಿ ಬಾಗಿಲನ್ನು ಕರಕರನೆ ಎಳೆದು ಒಳಹೊಕ್ಕವರಿಗೆ ಅದು ಗೊತ್ತು. ಲೋಕದ ಹಲವೆಡೆ ಈ ಮೋಹ ದೊಡ್ಡ ಹವ್ಯಾಸವಾಗಿಯೇ ಬೆಳೆದಿದೆ. ಯಾವುದಾದರೂ ಕಟ್ಟಡದ ಲಿಫ್ಟನ್ನು ಬದಲಿಸುತ್ತಾರೆಂಬ ಸುದ್ದಿ ಸಿಕ್ಕಿದರೆ ಹವ್ಯಾಸಿಗಳು ಕ್ಯಾಮೆರಾ ಹಿಡಿದು ಕೊನೆಯ ಸವಾರಿಗೆ ಓಡುತ್ತಾರೆ. ಮೋಟಾರಿನ ಗುಂಯ್‌ಗುಡುವಿಕೆ, ರಿಲೇಗಳ ಟಕಟಕ ಸದ್ದನ್ನು ದಾಖಲಿಸಿಕೊಳ್ಳುತ್ತಾರೆ. ಆದರೆ ಒಂದು ಲಿಫ್ಟಿಗಾಗಿ ಇಡೀ ದೇಶವೇ ಸರ್ಕಾರದೊಡನೆ ಜಗಳಕ್ಕೆ ನಿಂತು, ಗೆದ್ದದ್ದು ಪಾಟರ್‌ನೋಸ್ಟರ್ ವಿಷಯದಲ್ಲಿ ಮಾತ್ರ.

ಯಂತ್ರದ ರಚನೆ ನೋಡಲು ಸರಳ, ಯೋಚಿಸಿದಷ್ಟೂ ಜಾಣತನದ್ದು. ಕೊನೆಮೊದಲಿಲ್ಲದ ಎರಡು ದಪ್ಪ ಉಕ್ಕಿನ ಸರಪಳಿಗಳು ಮೇಲೊಂದು ಕೆಳಗೊಂದು ದೊಡ್ಡ ಹಲ್ಲುಚಕ್ರಗಳ ಮೇಲೆ ಸುತ್ತುತ್ತವೆ. ಪ್ರತಿಯೊಂದು ಕ್ಯಾಬಿನ್ನಿನ ಮೇಲ್ಭಾಗದಲ್ಲಿ ಕರ್ಣದ ಎರಡು ತುದಿಗಳನ್ನು ಈ ಸರಪಳಿಗಳಿಗೆ ಸಿಕ್ಕಿಸಿರುತ್ತಾರೆ: ಮುಂದಿನ ಮೂಲೆ ಒಂದು ಸರಪಳಿಗೆ, ಅದಕ್ಕೆದುರಾದ ಹಿಂದಿನ ಮೂಲೆ ಇನ್ನೊಂದಕ್ಕೆ. ಹೀಗಾಗಿ ತುತ್ತತುದಿ ತಲುಪಿದ ಕ್ಯಾಬಿನ್ ತಲೆಕೆಳಗಾಗುವುದಿಲ್ಲ. ಜಾತ್ರೆಯ ರಂಕಲರಾಟೆಯ ತೊಟ್ಟಿಲಿನಂತೆ ನೆಟ್ಟಗೆ ನಿಂತೇ ಪಕ್ಕಕ್ಕೆ ಸರಿದು, ಇಳಿಯುವ ಸಾಲಿಗೆ ಸೇರಿಕೊಳ್ಳುತ್ತದೆ. ಕೊನೆಯ ಮಹಡಿಯಲ್ಲಿ ಇಳಿಯದಿದ್ದರೆ ಕ್ಯಾಬಿನ್ ಮಗುಚಿಬೀಳುತ್ತದೆ ಎಂದು ಹೊಸಬರನ್ನು ಹೆದರಿಸುವುದು ಜರ್ಮನಿಯ ಕಚೇರಿಗಳಲ್ಲಿ ಹಳೆಯ ತಮಾಷೆ. ಅದಕ್ಕೆಂದೇ ಹಲವು ಕಡೆ ಕ್ಯಾಬಿನ್ನಿನೊಳಗೆ ಫಲಕ ಹಾಕಿರುತ್ತಾರೆ: ಅಟ್ಟ ಮತ್ತು ನೆಲಮಾಳಿಗೆಯ ಮೂಲಕ ಸುತ್ತಿಬಂದರೆ ಅಪಾಯವಿಲ್ಲ ಎಂದು.

ವೇಗ ಸೆಕೆಂಡಿಗೆ ಸುಮಾರು ಮೂವತ್ತು ಸೆಂಟಿಮೀಟರ್. ಒಂದು ಮಹಡಿ ದಾಟಲು ಹತ್ತು ಹನ್ನೆರಡು ಸೆಕೆಂಡ್ ಹಿಡಿಯುತ್ತದೆ. ಕ್ಯಾಬಿನ್ನಿನಲ್ಲಿ ಒಬ್ಬರು ಅಥವಾ ಇಬ್ಬರು ನಿಲ್ಲಬಹುದು, ಅಷ್ಟೇ. ಇಷ್ಟು ನಿಧಾನದ, ಇಷ್ಟು ಕಿರಿದಾದ ಗಾಡಿ ಯಾಕೆ ಬೇಕಾಯಿತೆಂದರೆ, ಇದರಲ್ಲಿ ಕಾಯುವುದೆಂಬುದೇ ಇಲ್ಲ. ಕಡತ ಹಿಡಿದು ದಿನವಿಡೀ ಎರಡನೇ ಮಹಡಿಯಿಂದ ನಾಲ್ಕಕ್ಕೆ, ನಾಲ್ಕರಿಂದ ಮೂರಕ್ಕೆ ಓಡಾಡುವ ಗುಮಾಸ್ತರಿಗೆ ಬೇಕಾದದ್ದು ಅದು. ಒಂದು ಕ್ಯಾಬಿನ್ ತಪ್ಪಿದರೆ ಮುಂದಿನದು ಕೆಲವೇ ಸೆಕೆಂಡುಗಳಲ್ಲಿ ಹಾಜರು.

ಕಾಲಿಡುವ ಜಾಗದಲ್ಲಿ ಬಗ್ಗಿ ನೋಡಿದರೆ ಇನ್ನೊಂದು ವಿವರ ಕಾಣುತ್ತದೆ. ಅಂಚಿನ ನೆಲ ಗಟ್ಟಿಯಾಗಿ ಜಡಿದದ್ದಲ್ಲ, ಕೀಲಿನ ಮೇಲೆ ಕೂತ ಹಲಗೆ. ಯಾರದಾದರೂ ಪಾದದ ತುದಿ ಏರುವ ಕ್ಯಾಬಿನ್ನಿಗೂ ಕಟ್ಟಡದ ಅಂಚಿಗೂ ನಡುವೆ ಸಿಕ್ಕಿಕೊಂಡರೆ ಹಲಗೆ ಮೇಲಕ್ಕೆ ಮಡಚಿಕೊಂಡು ಕಾಲನ್ನು ಬಿಡುತ್ತದೆ. ಪಕ್ಕದಲ್ಲಿ ಹಿಡಿದುಕೊಳ್ಳಲು ಹಿಡಿಕೆ, ಗೋಡೆಯ ಮೇಲೆ ತುರ್ತಾಗಿ ನಿಲ್ಲಿಸುವ ಗುಂಡಿ. ಬಾಗಿಲಿಲ್ಲದ ಯಂತ್ರವನ್ನು ಕಟ್ಟಿದವರು ಮನುಷ್ಯರ ಕಾಲಿನ ಬಗ್ಗೆ ತುಂಬ ಯೋಚಿಸಿದ್ದರು.

ಇದು ಹುಟ್ಟಿದ್ದು ಜರ್ಮನಿಯಲ್ಲಲ್ಲ. ಲಿವರ್‌ಪೂಲಿನ ವಾಸ್ತುಶಿಲ್ಪಿ ಪೀಟರ್ ಎಲ್ಲಿಸ್ 1860ರ ದಶಕದಲ್ಲೇ ಇಂಥದೊಂದನ್ನು ಕಟ್ಟಿದ್ದ. 1880ರ ದಶಕದಲ್ಲಿ ಡಾರ್ಟ್‌ಫರ್ಡಿನ ಜೆ. ಅಂಡ್ ಇ. ಹಾಲ್ ಕಂಪನಿ ಇದನ್ನು ಸುತ್ತುವ ಲಿಫ್ಟ್ ಎಂದು ಮಾರುಕಟ್ಟೆಗೆ ತಂದಿತು. ಆದರೆ ಇದು ಮನೆಮಾಡಿದ್ದು ಬಂದರು ನಗರ ಹ್ಯಾಂಬರ್ಗಿನಲ್ಲಿ. ಅಲ್ಲಿನ ಡೋವೆನ್‌ಹೋಫ್ ಎಂಬ ವ್ಯಾಪಾರಿ ಕಚೇರಿ ಕಟ್ಟಡದಲ್ಲಿ 1886ರಲ್ಲಿ ಶುರುವಾದದ್ದೇ ಯುರೋಪಿನ ಮುಖ್ಯನೆಲದ ಮೊದಲ ಪಾಟರ್‌ನೋಸ್ಟರ್. ಹಡಗು ಕಂಪನಿಗಳು, ಕಾಫಿ ವರ್ತಕರು, ವಿಮೆಯವರು ಒಂದೇ ಸೂರಿನಡಿ ಸೇರಿದ ಇಂಥ ಕಟ್ಟಡಗಳಿಗೆ ಅದು ಹೇಳಿಮಾಡಿಸಿದಂತಿತ್ತು. ಅಲ್ಲಿಂದ ಬರ್ಲಿನ್, ವಿಯೆನ್ನಾ, ಪ್ರಾಗ್, ಕೋಪನ್‌ಹೇಗನ್‌ಗಳಿಗೆ ಹರಡಿತು. ಡೆನ್ಮಾರ್ಕಿನ ಸಂಸತ್ ಭವನದಲ್ಲಿದೆ, ಫಿನ್‌ಲೆಂಡಿನ ಸಂಸತ್ತಿನಲ್ಲಿದೆ, ಬರ್ಲಿನ್ನಿನ ವಿದೇಶಾಂಗ ಕಚೇರಿಯಲ್ಲೂ ಇದೆ. ವಾಸ್ತುಶಿಲ್ಪಿ ಹಾನ್ಸ್ ಪೋಲ್‌ಜಿಗ್ ಬರ್ಲಿನ್ನಿನ ರೇಡಿಯೊ ಭವನಕ್ಕೂ ಫ್ರಾಂಕ್‌ಫರ್ಟಿನ ಐ.ಜಿ. ಫಾರ್ಬೆನ್ ರಸಾಯನ ಕಂಪನಿಯ ಕಚೇರಿಗೂ ಇದನ್ನೇ ಆರಿಸಿಕೊಂಡ. ಹಿಟ್ಲರನ ಕಾಲದ ಘೋರ ಅಪರಾಧಗಳಲ್ಲಿ ಪಾಲು ಪಡೆದ ಆ ಕಂಪನಿ ಯುದ್ಧದ ನಂತರ ಒಡೆದುಹೋಯಿತು. ಕಟ್ಟಡ ಅಮೆರಿಕದ ಸೈನ್ಯಕ್ಕೆ, ಆಮೇಲೆ 2001ರಲ್ಲಿ ವಿಶ್ವವಿದ್ಯಾಲಯಕ್ಕೆ ಸೇರಿತು. ಒಡೆಯರು ಬದಲಾದರೂ ಲಿಫ್ಟು ಉಳಿದುಕೊಂಡಿತು.

ಜರ್ಮನ್ ಲೇಖಕ ಹೈನ್‌ರಿಷ್ ಬೋಲ್ 1955ರ ತನ್ನ ಕತೆಯೊಂದರಲ್ಲಿ ಇದಕ್ಕೆ ಪಾತ್ರವನ್ನೇ ಕೊಟ್ಟ. ಅದರ ನಾಯಕ, ರೇಡಿಯೊ ಕೇಂದ್ರದ ತರುಣ ಸಂಪಾದಕ ಮುರ್ಕೆ, ಪ್ರತಿ ಬೆಳಿಗ್ಗೆ ಕೆಲಸ ಶುರುಮಾಡುವ ಮೊದಲು ಪಾಟರ್‌ನೋಸ್ಟರಿನಲ್ಲಿ ಕೊನೆಯ ಮಹಡಿ ದಾಟಿ, ಸರಪಳಿ ನರಳುವ ಆ ಖಾಲಿ ಜಾಗದಲ್ಲಿ ಒಂದಿಷ್ಟು ಭಯವನ್ನು ಉಪಾಹಾರದಂತೆ ಸೇವಿಸಿ ಬರುತ್ತಾನೆ. ಯುದ್ಧೋತ್ತರ ಜರ್ಮನಿಯ ಓದುಗರಿಗೆ ಆ ಜಾಗ ಯಾವುದೆಂದು ವಿವರಿಸಿ ಹೇಳಬೇಕಾಗಿರಲಿಲ್ಲ. ಅವರಲ್ಲಿ ಹಲವರು ಒಮ್ಮೆಯಾದರೂ ಅಲ್ಲಿ ಹಾದುಬಂದವರು.

ಅಪಾಯವೇ ಇಲ್ಲವೆಂದಲ್ಲ. 1970ರಿಂದ 1993ರವರೆಗೆ ಈ ಲಿಫ್ಟುಗಳಲ್ಲಿ ಐವರು ಸತ್ತಿದ್ದಾರೆ. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಕ್ಲೇರ್‌ಮಾಂಟ್ ಟವರಿನಲ್ಲಿ 1975ರಲ್ಲಿ ಕ್ಯಾಬಿನ್ನೊಂದು ತುದಿಯಲ್ಲಿ ಹಳಿ ತಪ್ಪಿ ಒಬ್ಬರ ಪ್ರಾಣ ಹೋಯಿತು. 1988ರಲ್ಲಿ ಅಲ್ಲೇ ಮತ್ತೊಂದು ಅಪಘಾತವಾದಾಗ ಅದನ್ನು ಕಿತ್ತು ಮಾಮೂಲಿ ಲಿಫ್ಟ್ ಹಾಕಿದರು. 2012ರಲ್ಲಿ ನೆದರ್‌ಲೆಂಡ್ಸಿನ ಹೇಗ್ ನಗರದಲ್ಲಿ 81 ವರ್ಷದ ವೃದ್ಧರೊಬ್ಬರು ಬಿದ್ದು ತೀರಿಕೊಂಡರು. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ: ಗಾಲಿಕುರ್ಚಿಯವರು, ಊರುಗೋಲು ಹಿಡಿದವರು, ತಳ್ಳುಗಾಡಿಯಲ್ಲಿ ಮಗುವನ್ನು ಕರೆತಂದವರು ಇದನ್ನು ಹತ್ತಲಾರರು. ಒಂದು ಕಟ್ಟಡಕ್ಕೆ ಇದೊಂದೇ ಲಿಫ್ಟಾಗಿದ್ದರೆ ಅದು ಅನ್ಯಾಯ. ಪಾಟರ್‌ನೋಸ್ಟರನ್ನು ಎಷ್ಟೇ ಪ್ರೀತಿಸುವವರೂ ಈ ಮಾತನ್ನು ಮೊದಲು ಒಪ್ಪಿಕೊಳ್ಳಬೇಕು. ಪಕ್ಕದಲ್ಲಿ ಮಾಮೂಲಿ ಲಿಫ್ಟ್ ಇರುವಲ್ಲಿ ಮಾತ್ರ ಇದನ್ನು ಉಳಿಸಿಕೊಳ್ಳುವ ವಾದಕ್ಕೆ ಬಲ ಬರುತ್ತದೆ.

ಪಶ್ಚಿಮ ಜರ್ಮನಿ 1974ರಲ್ಲಿ ಹೊಸ ಪಾಟರ್‌ನೋಸ್ಟರ್ ಕಟ್ಟುವುದನ್ನು ನಿಷೇಧಿಸಿತು. ಇದ್ದವನ್ನೂ ಮುಚ್ಚಿಸುವ ಮಾತು 1990ರ ದಶಕದಲ್ಲಿ ಎದ್ದಾಗ ಮ್ಯೂನಿಕ್ಕಿನಲ್ಲಿ ಅಭಿಮಾನಿಗಳು ಉಳಿದ ಸುತ್ತುಲಿಫ್ಟುಗಳ ರಕ್ಷಣೆಗೆಂದೇ ಒಂದು ಸಂಘ ಕಟ್ಟಿದರು. ಆ ಯೋಜನೆ ಬಿದ್ದುಹೋಯಿತು. ನಿಜವಾದ ಕಾವೇರಿದ್ದು 2015ರಲ್ಲಿ. ಆ ವರ್ಷ ಜೂನ್ 1ರಿಂದ ಜಾರಿಗೆ ಬಂದ ಹೊಸ ಸುರಕ್ಷತಾ ನಿಯಮದ ಪ್ರಕಾರ, ತಿಳಿವಳಿಕೆ ಪಡೆದ ನೌಕರರಷ್ಟೇ ಪಾಟರ್‌ನೋಸ್ಟರ್ ಹತ್ತಬಹುದು, ಹೊರಗಿನವರು ಹತ್ತುವಂತಿಲ್ಲ. ಸ್ಟುಟ್‌ಗಾರ್ಟಿನ ನಗರಸಭಾ ಭವನದಲ್ಲಿ ಲಿಫ್ಟ್ ನಿಂತುಹೋಯಿತು. ಲಿಫ್ಟ್ ಹತ್ತಲಿಕ್ಕೂ ಲೈಸೆನ್ಸೇ ಎಂದು ಪತ್ರಿಕೆಗಳು ಹರಿಹಾಯ್ದವು. ದಶಕಗಳಿಂದ ಕಂದಾಯ ಕಟ್ಟಲು, ಮದುವೆ ನೋಂದಣಿಗೆ, ದೂರು ಕೊಡಲು ಅದರಲ್ಲೇ ಹತ್ತಿಳಿದ ಜನ ಇದನ್ನು ತಮ್ಮ ಮೇಲಿನ ಅಪನಂಬಿಕೆ ಎಂದೇ ತಿಳಿದರು. ಕಾರ್ಮಿಕ ಸಚಿವೆ ಆಂಡ್ರಿಯಾ ನಾಲೆಸ್ ಕೆಲವೇ ವಾರಗಳಲ್ಲಿ ನಿಯಮವನ್ನು ತಿದ್ದಿಸಿದರು. ಸುರಕ್ಷತೆಯ ಏರ್ಪಾಡು ಮಾಡಿ, ಬಳಸುವ ರೀತಿಯನ್ನು ಎದ್ದುಕಾಣುವಂತೆ ತಿಳಿಸಿದರೆ ಸಾಕು, ಯಾರು ಬೇಕಾದರೂ ಹತ್ತಬಹುದು ಎಂದಾಯಿತು. ಆಗ ಜರ್ಮನಿಯಲ್ಲಿ ಉಳಿದಿದ್ದವು ಸುಮಾರು 230.

ಕಾನೂನು ಸೋತ ಕಡೆಯಲ್ಲೂ ಬಿಡಿಭಾಗಗಳ ಅಭಾವ ಗೆಲ್ಲುತ್ತದೆ. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ 18 ಮಹಡಿಗಳ ಆ್ಯಟೆನ್‌ಬರೊ ಟವರಿನ ಪಾಟರ್‌ನೋಸ್ಟರ್ 2017ರಲ್ಲಿ ಶಾಶ್ವತವಾಗಿ ನಿಂತದ್ದು ಹೀಗೆ. ಈ ಯಂತ್ರಕ್ಕೆ ಅಂಗಡಿಯಲ್ಲಿ ಸಿಗುವ ಭಾಗಗಳಿಲ್ಲ. ಸರಪಳಿಯ ಕೊಂಡಿ ಸವೆದರೆ ಹೊಸದನ್ನು ಅಳತೆ ಕೊಟ್ಟು ಮಾಡಿಸಬೇಕು. ಒಂದು ಕೊಂಡಿ ಕೂದಲೆಳೆಯಷ್ಟು ಹಿಗ್ಗಿದರೂ ಎರಡು ಸರಪಳಿಗಳ ನಡುವೆ ಹೊಂದಾಣಿಕೆ ತಪ್ಪಿ ಕ್ಯಾಬಿನ್ ಓರೆಯಾಗುತ್ತದೆ. ಯಾವ ಕ್ಯಾಬಿನ್ನಿನ ಹೊರಳುಗಾಲಿ ಸದ್ದು ಮಾಡುತ್ತಿದೆ, ಎಲ್ಲಿ ಗ್ರೀಸ್ ಒಣಗಿದೆ ಎಂದು ಕಿವಿಯಿಂದಲೇ ಹೇಳುವ ಮೆಕ್ಯಾನಿಕ್‌ಗಳು ನಿವೃತ್ತರಾದಂತೆ ಆ ವಿದ್ಯೆಯೂ ಹೊರಟುಹೋಗುತ್ತದೆ. ಕಂಪ್ಯೂಟರ್ ಹಿಡಿತದ ಹೊಸ ಲಿಫ್ಟುಗಳಲ್ಲಿ ತರಬೇತಾದ ತರುಣನಿಗೆ ಇದನ್ನು ಕಲಿಸಲು ಚಾಲೂ ಯಂತ್ರವೇ ಬೇಕು, ಪುಸ್ತಕ ಸಾಲದು.

ಹಾಗೆಂದು ಹಳತನ್ನು ಉಳಿಸಲಾಗದು ಎನ್ನುವುದು ಸೋಮಾರಿತನದ ಮಾತು. ಶೆಫೀಲ್ಡ್ ವಿಶ್ವವಿದ್ಯಾಲಯದ ಆರ್ಟ್ಸ್ ಟವರಿನಲ್ಲಿ 1966ರಿಂದ ಓಡುತ್ತಿರುವ ಪಾಟರ್‌ನೋಸ್ಟರಿಗೆ 38 ಕ್ಯಾಬಿನ್‌ಗಳಿವೆ, ಈಗ ಉಳಿದಿರುವವುಗಳಲ್ಲಿ ಇದೇ ಅತಿ ದೊಡ್ಡದು. ಇಡೀ ಕಟ್ಟಡವನ್ನು ನವೀಕರಿಸಿದಾಗಲೂ ಅದನ್ನು ಕೀಳಲಿಲ್ಲ. ಪಕ್ಕದಲ್ಲಿ ಮಾಮೂಲಿ ಲಿಫ್ಟುಗಳೂ ಇವೆ. ಎರಡೂ ಇದ್ದರೆ ಜನ ತಮಗೆ ತಕ್ಕದ್ದನ್ನು ಆರಿಸಿಕೊಳ್ಳುತ್ತಾರೆ. ಆಧುನೀಕರಣ ಅಂದರೆ ಕಿತ್ತೆಸೆಯುವುದು ಎಂದೇ ನಂಬಿದ ನಮ್ಮ ನಗರಗಳ ಕಟ್ಟಡ ಸಮಿತಿಗಳು ನೋಡಬೇಕಾದ ಉದಾಹರಣೆ ಇದು.

ಭಾರತೀಯ ಓದುಗರಿಗೆ ಹತ್ತಿರದ ಹೆಸರೊಂದು ಈ ಕತೆಯಲ್ಲಿದೆ: ಬಾಟಾ. ನಮ್ಮಲ್ಲಿ ಶಾಲೆಗೆ ಹೋಗುವ ಮಕ್ಕಳ ಕಾಲಿಗೆ ಬೂಟು ತೊಡಿಸಿದ ಆ ಕಂಪನಿಯ ತವರು ಈಗಿನ ಜೆಕ್ ಗಣರಾಜ್ಯದ ಜ್ಲೀನ್ ಪಟ್ಟಣ. ಅಲ್ಲಿ ವ್ಲಾದಿಮಿರ್ ಕಾರ್ಫಿಕ್ ವಿನ್ಯಾಸ ಮಾಡಿದ, 1938ರಲ್ಲಿ ಮುಗಿದ ಮುಖ್ಯ ಕಚೇರಿಗೆ 21ನೇ ನಂಬರಿನ ಕಟ್ಟಡವೆಂದೇ ಹೆಸರು. 77 ಮೀಟರಿಗೂ ಎತ್ತರದ ಈ ಕಟ್ಟಡದಲ್ಲಿ ಮಾಲೀಕ ಯಾನ್ ಆಂಟೊನಿನ್ ಬಾಟಾನ ಕೋಣೆಯೇ ಒಂದು ಲಿಫ್ಟು! ಮೇಜು, ಕುರ್ಚಿ, ಕೈ ತೊಳೆಯುವ ಬೇಸಿನ್‌ಗೆ ಬಿಸಿ ಮತ್ತು ತಣ್ಣೀರಿನ ನಲ್ಲಿ ಸಮೇತ ಕೋಣೆ ಮಹಡಿಯಿಂದ ಮಹಡಿಗೆ ಚಲಿಸುತ್ತದೆ. ಯಾವ ವಿಭಾಗದೊಡನೆ ಮಾತಾಡಬೇಕೋ ಆ ಮಹಡಿಗೆ ಮಾಲೀಕನೇ ಕೋಣೆಸಮೇತ ಹೋಗುವ ಏರ್ಪಾಡು. ಯುದ್ಧದ ಮೋಡ ಕವಿದು 1939ರಲ್ಲಿ ಆತ ದೇಶ ಬಿಟ್ಟದ್ದರಿಂದ ಆ ಕೋಣೆ ಅವನಿಗೆ ಹೆಚ್ಚು ಒದಗಲಿಲ್ಲ. ನೌಕರರಿಗಾಗಿ ಅದೇ ಕಟ್ಟಡದಲ್ಲಿ ಹಾಕಿದ ಪಾಟರ್‌ನೋಸ್ಟರ್ ಮಾತ್ರ ದಶಕಗಟ್ಟಲೆ ದುಡಿಯಿತು. 2004ರ ಹೊತ್ತಿಗೆ ಕಟ್ಟಡವನ್ನು ಜೀರ್ಣೋದ್ಧಾರ ಮಾಡಿ ಪ್ರಾಂತ್ಯದ ಸರ್ಕಾರಿ ಕಚೇರಿ ಮಾಡಿದಾಗ ಎರಡು ಲಿಫ್ಟುಗಳನ್ನೂ ಉಳಿಸಿಕೊಂಡರು.

ಒಂದೇ ದಾರಿಯಲ್ಲಿ ಹಲವು ಕ್ಯಾಬಿನ್ ಓಡಿಸುವ ಯೋಚನೆ ಹಳೆಯದಾಯಿತೇ? ಜರ್ಮನಿಯದೇ ಥಿಸ್ಸನ್‌ಕ್ರುಪ್ ಕಂಪನಿ 2014ರಲ್ಲಿ ಹಗ್ಗವಿಲ್ಲದ ಲಿಫ್ಟೊಂದನ್ನು ಪ್ರಕಟಿಸಿ, ರಾಟ್‌ವೈಲ್ ಪಟ್ಟಣದಲ್ಲಿ ಕಟ್ಟಿದ 246 ಮೀಟರ್ ಎತ್ತರದ ಗೋಪುರದಲ್ಲಿ ಅದನ್ನು ಪರೀಕ್ಷೆಗೆ ಒಡ್ಡಿತು. ಸರಪಳಿಯ ಬದಲು ಅಯಸ್ಕಾಂತ ಬಲದ ಲೀನಿಯರ್ ಮೋಟಾರ್, ಒಂದೇ ಜಾಡಿನಲ್ಲಿ ಹಲವು ಕ್ಯಾಬಿನ್‌ಗಳು, ಮೇಲೆ ಹೋದದ್ದು ಅಡ್ಡ ಸರಿದು ಇನ್ನೊಂದು ಜಾಡಿನಲ್ಲಿ ಇಳಿಯುವುದು. ಪೀಟರ್ ಎಲ್ಲಿಸ್ ನೋಡಿದ್ದರೆ ತನ್ನ ಕೂಸನ್ನು ಥಟ್ಟನೆ ಗುರುತಿಸುತ್ತಿದ್ದ.

ಬೆಂಗಳೂರಿನಿಂದ ವಾಹನ ಮತ್ತು ಸಾಫ್ಟ್‌ವೇರ್ ಕಂಪನಿಗಳ ಕೆಲಸಕ್ಕೆಂದು ಸ್ಟುಟ್‌ಗಾರ್ಟ್, ಫ್ರಾಂಕ್‌ಫರ್ಟ್‌ಗಳಿಗೆ ಹೋಗಿಬರುವ ಕನ್ನಡಿಗರು ಕಡಿಮೆಯೇನಿಲ್ಲ. ರಜೆಯಲ್ಲಿ ಪ್ರಾಗ್‌ಗೆ ಹೋದವರು ಲುಸೆರ್ನಾ ಭವನದಲ್ಲೂ ಪಾಟರ್‌ನೋಸ್ಟರ್ ನೋಡಬಹುದು. ಆ ಭವನವನ್ನು ಕಟ್ಟಿಸಿದವನು ಜೆಕ್ ಗಣರಾಜ್ಯದ ಅಧ್ಯಕ್ಷರಾಗಿದ್ದ ವಾಕ್ಲಾವ್ ಹಾವೆಲ್‌ರ ಅಜ್ಜ. ಹತ್ತುವವರಿಗೆ ಅಲ್ಲಿನವರು ಕೊಡುವ ಸೂಚನೆಗಳು ಕೆಲವೇ. ಕೈಯಲ್ಲಿ ದೊಡ್ಡ ಚೀಲ ಬೇಡ. ಒಂದು ಕ್ಯಾಬಿನ್ನಿಗೆ ಇಬ್ಬರಿಗಿಂತ ಹೆಚ್ಚು ಜನ ಬೇಡ. ನೆಲ ಸಮನಾಗುವ ತುಸು ಮುಂಚೆ ಹಿಡಿಕೆಗೆ ಕೈ ಹಾಕಿ, ಅನುಮಾನಿಸದೆ ಪೂರಾ ಒಳಗೆ ಹೆಜ್ಜೆಯಿಡಬೇಕು. ಅರ್ಧ ಕಾಲಿಟ್ಟು ಹಿಂದೆಗೆಯಬಾರದು. ಇಳಿಯಬೇಕಾದ ಮಹಡಿ ತಪ್ಪಿದರೆ ಜಿಗಿಯಬಾರದು, ಮುಂದಿನದರಲ್ಲಿ ಇಳಿದು ಪಕ್ಕದ ಸಾಲಿನಲ್ಲಿ ವಾಪಸು ಬಂದರಾಯಿತು.